ಮೋಡದ ಮೇಷ್ಟ್ರು ಕೊಡೆ ಹಿಡಿದ ದಿನ

ಎಲ್ಲಕ್ಕೂ ಕಾರಣ ಕೊಡೆಯ ಒಂದು ಮುರಿದ ಕಡ್ಡಿ. “ಆಫೀಸಿಗೆ ಹೋಗ್ತಾ ಇದನ್ನ ರಿಪೇರಿಗೆ ಕೊಟ್ಟುಬಿಡಿ” ಎಂದು ಹೆಂಡತಿ ಕೈಗಿತ್ತ ಕೊಡೆಯನ್ನು ಮೋಡದ ಮೇಷ್ಟ್ರು ಹಿಂದೆಮುಂದೆ ನೋಡದೆ ಬಗಲಿಗೆ ಸಿಕ್ಕಿಸಿಕೊಂಡು ಬೀದಿಗಿಳಿದರು. ಅಲ್ಲಿಗೆ ಕೆಲಸ ಕೆಟ್ಟಿತು.

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಬೆಟ್ಟದ ಬುಡದಲ್ಲಿರುವ ಹವಾಮಾನ ಕಚೇರಿಯ ನೌಕರರು. ಹಿಂದೊಮ್ಮೆ ವಸಂತದ ಸುಡುಬಿಸಿಲಲ್ಲಿ, ನೆಗಡಿಯಾಗಿದೆಯೆಂದು ತಲೆಗೆ ದಪ್ಪ ಟೋಪಿ ಹಾಕಿಕೊಂಡು ಹೊರಟಿದ್ದರು. ಅವತ್ತೇ ಆಲಿಕಲ್ಲು ಬಿತ್ತು. ಅಂದಿನಿಂದ ಬೀದಿಯವರು ಹವಾಮಾನ ವರದಿ ಕೇಳುವುದನ್ನು ಬಿಟ್ಟು, ಮೇಷ್ಟ್ರು ಹೊಸ್ತಿಲು ದಾಟುವಾಗ ಏನು ಹಾಕಿಕೊಂಡಿದ್ದಾರೆ, ಏನು ಹಿಡಿದುಕೊಂಡಿದ್ದಾರೆ ಎಂದು ನೋಡುವುದನ್ನು ರೂಢಿ ಮಾಡಿಕೊಂಡರು. ‘ಮೋಡದ ಮೇಷ್ಟ್ರು’ ಎಂಬ ಹೆಸರೂ ಅವರೇ ಇಟ್ಟದ್ದು. ಅಷ್ಟು ಗೌರವ.

ಆ ಬೆಳಿಗ್ಗೆ ರೇಡಿಯೋದಲ್ಲಿ ಬರುತ್ತಿದ್ದದ್ದೂ ಅವರದೇ ಧ್ವನಿ, ಹಿಂದಿನ ದಿನ ಓದಿ ಧ್ವನಿಮುದ್ರಣ ಮಾಡಿದ್ದು. “ಈ ವಸಂತದಲ್ಲಿ ಬೆಟ್ಟದ ಮೇಲಿನ ಹಿಮ ಬೇಗ ಕರಗಲಿದೆ. ಕಣಿವೆಯಲ್ಲಿ ಒಣಹವೆ ಮುಂದುವರಿಯಲಿದೆ. ಈ ವಾರ ಎಲ್ಲಿಯೂ ಮಳೆಯ ಸೂಚನೆ ಇಲ್ಲ.” ಚಳಿಗಾಲವಿಡೀ ಕಣ್ಣು ಕೆಂಪು ಮಾಡಿಕೊಂಡು ತಯಾರಿಸಿದ ಮುನ್ಸೂಚನೆ ಅದು.

ಎದುರುಮನೆ ಅಜ್ಜಿ ರೇಡಿಯೋದ ಕಿವಿ ಹಿಂಡಿ ಆರಿಸಿದರು. “ಏನಪ್ಪಾ, ಕೊಡೆ?”

“ರಿಪೇರಿಗೆ ಅಜ್ಜಿ. ಕಡ್ಡಿ ಮುರಿದಿದೆ.”

“ಹೂಂ ಹೂಂ. ಸರ್ಕಾರದ ಕೆಲಸ, ಬಾಯಿಬಿಟ್ಟು ಹೇಳೋ ಹಾಗಿಲ್ಲ. ನನಗೆ ಗೊತ್ತಾಗಲ್ವಾ?” ಎನ್ನುತ್ತಲೇ ಅಜ್ಜಿ ಹಗ್ಗದ ಮೇಲಿನ ಒದ್ದೆ ಬಟ್ಟೆಗಳನ್ನು ಬಾಚಿ ಒಳಗೆ ಎಳೆದುಕೊಂಡರು. ಅದನ್ನು ಕಂಡು ಪಕ್ಕದ ಮನೆಯವರೂ ಎಳೆದುಕೊಂಡರು. ಮೂಲೆಯಲ್ಲಿ ಹೂವಿನ ಸಸಿ ಮಾರುವವನು ಟಾರ್ಪಾಲು ಬಿಚ್ಚಿದ. ಬೆಟ್ಟದಿಂದ ಕಣಿವೆಗೆ ಇಳಿಯುವ ಬಸ್ಸಿನ ಕಂಡಕ್ಟರು ಮೇಲೆ ಹತ್ತಿ ಸಾಮಾನಿಗೆಲ್ಲ ಹೊದಿಕೆ ಕಟ್ಟಿದ. ಬಸ್ಸು ನಿಂತ ನಿಲ್ದಾಣದಲ್ಲೆಲ್ಲ ಸುದ್ದಿಯೂ ಇಳಿಯಿತು.

ಕೊಡೆಯನ್ನು ಬೇಗ ಕೈಬಿಟ್ಟರೆ ಸಾಕೆಂದು ಮೇಷ್ಟ್ರು ದಾಪುಗಾಲು ಹಾಕಿದರು. ಆದರೆ ಫುಟ್‌ಪಾತಿನ ಮೇಲೆ ಕೂರುವ ಕೊಡೆ ರಿಪೇರಿಯವನು ಇವರನ್ನು ದೂರದಿಂದಲೇ ನೋಡಿ, ಮಳೆ ಬರುವುದರೊಳಗೆ ಮನೆ ಸೇರಬೇಕೆಂದು ಗಂಟುಮೂಟೆ ಕಟ್ಟಿಕೊಂಡು ಹೋಗಿಬಿಟ್ಟಿದ್ದ.

ಕಚೇರಿಯಲ್ಲಿ ಫೋನು ಬಾಯಿ ಮುಚ್ಚುತ್ತಿರಲಿಲ್ಲ. ಕಣಿವೆಯವರು ಬಿತ್ತನೆ ನಿಲ್ಲಿಸಿದ್ದರು, ಬೆಟ್ಟದವರು ಕುರಿಗಳನ್ನು ದೊಡ್ಡಿಗೆ ಹೊಡೆದಿದ್ದರು. ಮುಖ್ಯಾಧಿಕಾರಿಗಳ ಮುಖ ಕಾದ ಹಂಚಾಗಿತ್ತು.

“ಏನ್ರೀ ಇದು? ರೇಡಿಯೋದಲ್ಲಿ ಒಂದು ಹೇಳ್ತೀರಿ, ಬೀದೀಲಿ ಒಂದು ತೋರಿಸ್ತೀರಿ.”

“ಕಡ್ಡಿ ಮುರಿದಿತ್ತು ಸಾರ್. ನೋಡಿ ಬೇಕಾದ್ರೆ.”

“ಕಡ್ಡಿ ಕತೆ ನನಗೆ ಬೇಡ. ಬೆಟ್ಟದ ತುದಿಯ ವೀಕ್ಷಣಾಲಯದಲ್ಲಿ ಒಂದು ಜಾಗ ಖಾಲಿ ಇದೆ. ಸಂಜೆವರೆಗೂ ಹೀಗೇ ಬಿಸಿಲಿದ್ರೆ, ಊರನ್ನೆಲ್ಲ ಹೆದರಿಸಿದ್ದಕ್ಕೆ ನಿಮ್ಮನ್ನ ಅಲ್ಲಿಗೇ ಹಾಕ್ತೀನಿ.”

ಆ ತುದಿಯಲ್ಲಿ ಮೇಷ್ಟ್ರು ಆಗಲೇ ವರ್ಷಗಟ್ಟಲೆ ಕಳೆದು ಬಂದಿದ್ದರು. ಇಳಿದು ಬಂದ ದಿನ ಮಗಳು ಅಪರಿಚಿತರನ್ನು ಕಂಡಂತೆ ಅಮ್ಮನ ಸೆರಗಿನ ಹಿಂದೆ ಅಡಗಿ, “ಯಾರಮ್ಮ ಈ ಮಾಮ?” ಎಂದಿದ್ದಳು. ಅವಳು ‘ಅಪ್ಪಾ’ ಎಂದು ಓಡಿಬರಲು ಶುರುಮಾಡಿದ್ದು ಈಚೆಗಷ್ಟೆ. ಆ ಒಂದು ಮಾತಿಗಾಗಿ ಮೇಷ್ಟ್ರು ಯಾರ ಕಾಲಿಗೆ ಬೇಕಾದರೂ ಬೀಳಲು ಸಿದ್ಧರಿದ್ದರು.

ಹಾಗಾಗಿ, ತಮ್ಮದೇ ಮುನ್ಸೂಚನೆ ಮಣ್ಣುಪಾಲಾಗಲಿ ಎಂದು ಹವಾಮಾನದ ಮನುಷ್ಯ ಕಿಟಕಿಗೆ ಹಣೆಯೊತ್ತಿ ಬೇಡಿಕೊಂಡರು. ಆಕಾಶ ತೊಳೆದಿಟ್ಟ ಬಟ್ಟಲಿನಂತೆ ಹೊಳೆಯುತ್ತಿತ್ತು.

ಕಚೇರಿ ಬಿಡುವ ಹೊತ್ತಿಗೆ ಬೆಟ್ಟದ ಹಿಂದಿನಿಂದ ಒಂದು ಕರಿಮೋಡ ಇಣುಕಿತು. ಅದರ ಬೆನ್ನಿಗೇ ಅದರ ಬಳಗವೆಲ್ಲ ಬಂತು. ಗಾಳಿ ಬೀಸಿತು, ಗುಡುಗಿತು, ಯಾವ ಯಂತ್ರಕ್ಕೂ ಸುಳಿವು ಕೊಡದ ಮಳೆ ಬೆಟ್ಟಕ್ಕೂ ಕಣಿವೆಗೂ ಒಟ್ಟಿಗೇ ಸುರಿಯಿತು. ಸಸಿ ಒಂದೂ ನಲುಗಲಿಲ್ಲ, ಕುರಿ ಒಂದೂ ನೆನೆಯಲಿಲ್ಲ. ಇಡೀ ಸೀಮೆಯಲ್ಲಿ ತೊಯ್ದು ತೊಪ್ಪೆಯಾದವರು ಮುರಿದ ಕೊಡೆ ಬಿಚ್ಚಲಾಗದ ಮೇಷ್ಟ್ರೊಬ್ಬರೇ. ಆದರೂ ಖುಷಿಯಿಂದ ಕುಣಿಯುತ್ತ ಮನೆಗೆ ಬಂದರು.

ಬೀದಿಯ ಜನವೆಲ್ಲ ಅವರ ಜಗಲಿಯಲ್ಲಿ ಸೇರಿತ್ತು. ನಡುವೆ ಮುಖ್ಯಾಧಿಕಾರಿಗಳೂ ನಿಂತಿದ್ದರು. ಮೇಷ್ಟ್ರ ಒದ್ದೆ ಕೈಗಳೆರಡನ್ನೂ ಹಿಡಿದುಕೊಂಡಾಗ ಅವರ ಕಣ್ಣು ನಿಜವಾಗಿಯೂ ತುಂಬಿತ್ತು.

“ನನ್ನನ್ನ ಕ್ಷಮಿಸಿ. ನಮ್ಮ ಯಂತ್ರಗಳಿಗೆ ತಿಳೀದೇ ಇದ್ದದ್ದು ನಿಮಗೆ ತಿಳೀತು.”

“ಇಲ್ಲ ಸಾರ್, ನಿಜವಾಗ್ಲೂ ಕಡ್ಡಿ ಮುರಿದಿತ್ತು.”

“ನೋಡಿ, ಎಷ್ಟು ವಿನಯ” ಎಂದರು ಅಧಿಕಾರಿಗಳು ಜನರ ಕಡೆ ತಿರುಗಿ. “ವರದಿ ಓದೋಕೆ ಯಾರಾದ್ರೂ ಸಿಗ್ತಾರೆ. ಮೋಡದ ಮನಸ್ಸು ಬಲ್ಲ ಇಂಥವರು ಇರಬೇಕಾದ್ದು ಮೋಡದ ಹತ್ರ. ಇವರಿಗೆ ಬಡ್ತಿ ಕೊಟ್ಟಿದ್ದೀನಿ. ನಾಳೆಯಿಂದ ಬೆಟ್ಟದ ತುದಿಯ ವೀಕ್ಷಣಾಲಯಕ್ಕೆ ಇವರೇ ಮುಖ್ಯಸ್ಥರು.”

ಚಪ್ಪಾಳೆಯ ಸದ್ದಿಗೆ ಮಳೆಯ ಸದ್ದೂ ಅಡಗಿತು. ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದ ಮಗಳನ್ನು ನೋಡಿದರು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾರೆಂದು ಅವಳೂ ತಟ್ಟುತ್ತಿದ್ದಳು.

ಎದುರುಮನೆ ಅಜ್ಜಿಯೊಬ್ಬರೇ ಸಪ್ಪಗಾಗಿದ್ದರು. ತಮ್ಮ ಸಂಕಟ ಅಜ್ಜಿಗಾದರೂ ಅರ್ಥವಾಯಿತಲ್ಲ ಎಂದು ಮೇಷ್ಟ್ರು ಆಸೆಯಿಂದ ಅವರತ್ತ ತಿರುಗಿದರು. ಅಜ್ಜಿ ಹತ್ತಿರ ಬಂದು ಮೆಲ್ಲಗೆ ಅವರ ತೋಳು ಹಿಡಿದರು.

“ಅಷ್ಟು ಮೇಲೆ ಹೋದ್ರೆ ನೀನು ನಮ್ಮ ಕಣ್ಣಿಗೆ ಬೀಳೋದಿಲ್ವಲ್ಲಪ್ಪಾ. ದಿನಾ ಬೆಳಿಗ್ಗೆ ಒಂದು ಫೋನ್ ಮಾಡು. ಹವಾಮಾನ ಏನೂ ಹೇಳೋದು ಬೇಡ, ಅದು ರೇಡಿಯೋದಲ್ಲೇ ಬರುತ್ತೆ. ಕೈಯಲ್ಲಿ ಏನು ಹಿಡ್ಕೊಂಡಿದ್ದೀಯ ಅಂತ ಹೇಳಿದ್ರೆ ಸಾಕು.”