ಅಕ್ಕನ ಬಾಗಿಲ ಮೇಲೆ ನನ್ನ ಛಾವಣಿ

ಏನೂ ಗೊತ್ತಿಲ್ಲದವನಿಂದ ಲೋಕಕ್ಕೆ ತೊಂದರೆಯಿಲ್ಲ. ಎಲ್ಲ ಗೊತ್ತಿದ್ದವನಿಂದಲೂ ಅಷ್ಟಾಗಿ ಇಲ್ಲ. ತೊಂದರೆಯೆಲ್ಲ ಅರ್ಧ ಗೊತ್ತಿದ್ದವನಿಂದ. ನಾನು ಆ ಮೂರನೆಯ ಪಂಗಡದವನೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬಳ್ಳಾರಿಯಲ್ಲಿ ಎಂಜಿನಿಯರರೊಬ್ಬರ ಕಚೇರಿಯಲ್ಲಿ ನಾನು ನಕಲು ಗುಮಾಸ್ತ. ಸೇತುವೆ, ಮೋರಿ, ಆಸ್ಪತ್ರೆಯ ವರಾಂಡ ಎಲ್ಲದರ ಕಾಗದಗಳೂ ನನ್ನ ದುಂಡಗಿನ ಅಕ್ಷರದಲ್ಲೇ ಮೇಲಕ್ಕೆ ಹೋಗಬೇಕು. ಹೀಗೆ ಬರೆದು ಬರೆದು, ಅವನ್ನೆಲ್ಲ ಕಟ್ಟಿಸಿದವನು ನಾನೇ ಎಂಬ ಭಾವನೆ ನನ್ನಲ್ಲಿ ಬೇರೂರಿಬಿಟ್ಟಿತು. ಲಗ್ನಪತ್ರಿಕೆ ಅಚ್ಚು ಹಾಕುವವನು ತಾನೇ ಮದುಮಗನೆಂದುಕೊಂಡರೆ ಹೇಗೋ ಹಾಗೆ. ಈ ಭಾವನೆ ಕಚೇರಿಯಲ್ಲೇ ಉಳಿದಿದ್ದರೆ ಚಿಂತೆಯಿರಲಿಲ್ಲ. ಸಂಜೆ ನನ್ನ ಜೊತೆ ಮನೆಗೂ ಬರತೊಡಗಿತು.

ನಮ್ಮ ಓಣಿಯಲ್ಲಿ ಎಲ್ಲರದೂ ಮಣ್ಣಿನ ಮಾಳಿಗೆ. ಹಿತ್ತಲಲ್ಲಿ ಒಂದು ಸಣ್ಣ ಕೋಣೆ ಕಟ್ಟಿಸಿ ಅದಕ್ಕೆ ಕಾಂಕ್ರೀಟಿನ ಛಾವಣಿ ಹಾಕಿಸುತ್ತೇನೆಂದು ಹೋದ ವರ್ಷ ಸಾರಿಬಿಟ್ಟೆ. ಸಿಮೆಂಟಿನ ಪರ್ಮಿಟ್ಟೂ ಹೇಗೋ ಸಿಕ್ಕಿತು. ಕಾಂಕ್ರೀಟು ಮೊದಲು ಹಿಟ್ಟಿನ ಹಾಗೆ ಮೆತ್ತಗಿರುತ್ತದೆ, ಅದು ಗಟ್ಟಿಯಾಗುವ ತನಕ ಕೆಳಗಿನಿಂದ ಏನಾದರೂ ಹೊತ್ತುಕೊಂಡಿರಬೇಕು, ಹಾಗೆ ಹೊರುವ ಹಾಸಿಗೆಗೆ ಸೆಂಟ್ರಿಂಗ್ ಎನ್ನುತ್ತಾರೆ ಎಂದು ಹೆಂಡತಿ ನೀಲಮ್ಮನಿಗೆ ಅರ್ಧ ಗಂಟೆ ವಿವರಿಸಿದೆ. ಜೋಳ ಹಸನು ಮಾಡುತ್ತಿದ್ದ ಅವಳು ತಲೆ ಎತ್ತದೆ, "ಸಕ್ಕರಿ ಆರತಿ ಅಚ್ಚು ಇದ್ದಂಗ ಅನ್ರಿ. ಅಷ್ಟಕ್ಕ ಇಷ್ಟೊತ್ತು ಬೇಕೇನು?" ಅಂದಳು. ನನ್ನ ವಿದ್ಯೆ ಮನೆಯಲ್ಲಿ ಮನ್ನಣೆ ಪಡೆದದ್ದು ಕಡಿಮೆ.

ಮೇಸ್ತ್ರಿ ಮಸ್ತಾನ್ ಸಾಬರು ಬಂದಾಗ ಅವರನ್ನೂ ಬಿಡಲಿಲ್ಲ, ಉಪನ್ಯಾಸ ಶುರುಮಾಡಿದೆ. ಮಾವಿನ ಹಲಗೆ ಅಗ್ಗ, ಆದರೆ ನೀರು ಕುಡಿದು ಬೆನ್ನು ಬಗ್ಗಿಸುತ್ತದೆ. ಡಾಂಬರಿನ ಪೀಪಾಯಿಯನ್ನು ಸೀಳಿ ಬಡಿದ ತಗಡು ನುಣುಪು, ಆದರೆ ನಮ್ಮೂರ ಬಿಸಿಲಿಗೆ ಅದರ ಮೇಲೆ ರೊಟ್ಟಿ ಸುಡಬಹುದು. ಮೇಲಾಗಿ ಎಷ್ಟೇ ಬಡಿದರೂ ಮತ್ತೆ ಪೀಪಾಯಿಯಾಗಲು ಹವಣಿಸುತ್ತದೆ. ಬೊಂಬಿನ ಮೇಲೆ ಈಚಲ ಚಾಪೆ ಹಾಸಿದರೆ ಹಗುರ, ಆದರೆ ಅದರ ಅಚ್ಚು ಛಾವಣಿಗೆ ಮೂಡಿ, ಜನ್ಮವಿಡೀ ಅಂಗಾತ ಮಲಗಿ ಚಾಪೆಯನ್ನೇ ನೋಡಬೇಕು. ಕೋಣೆಯ ತುಂಬ ಮಣ್ಣು ತುಂಬಿ ಅದರ ಮೇಲೆ ಸುರಿಯುವುದೂ ಉಂಟು, ಆಮೇಲೆ ನಮ್ಮ ಕೋಣೆಯನ್ನು ನಾವೇ ಅಗೆದು ಹುಡುಕಬೇಕಾಗುತ್ತದೆ. ಎಲ್ಲಕ್ಕಿಂತ ಸಾಗುವಾನಿ ಶ್ರೇಷ್ಠ, ಬಾಗದು, ಬಿರಿಯದು. ಸಾಬರು ಬೀಡಿ ಮುಗಿಯುವ ತನಕ ಕೇಳಿ, "ಎಲ್ಲಾ ಖರೆ ಐತ್ರಿ ಸಾಹೇಬ್ರ. ಇದರಾಗ ನಿಮ್ಮತ್ರ ಯಾವುದೈತಿ?" ಎಂದರು.

ನನ್ನ ಹತ್ತಿರ ಯಾವುದೂ ಇರಲಿಲ್ಲ. ಹೊಸಪೇಟೆಯ ಕಡೆ ಡ್ಯಾಮು ಏಳುತ್ತಿತ್ತು. ಹಲಗೆ ಎಂಬ ಹೆಸರಿನದೆಲ್ಲ ಅಲ್ಲಿಗೇ ಹೋಗುತ್ತಿತ್ತು. ಅಲ್ಲಿ ಇಲ್ಲಿ ಬೇಡಿ ಒಂದಿಷ್ಟು ತಗಡು, ನಾಲ್ಕು ಮಾವಿನ ಹಲಗೆ ಕೂಡಿಸಿದೆ. ಜಾಲಿ ಕಂಬಗಳ ಮೇಲೆ ಜೋಡಿಸಿ ನೋಡಿದರೆ ನಟ್ಟನಡುವೆ ಒಂದು ಬಾಗಿಲಿನಷ್ಟು ಜಾಗ ಖಾಲಿ. ನಾನು ನಮ್ಮ ತಲಬಾಗಿಲಿನ ಕಡೆ ನೋಡಿದ್ದೇ ತಡ, "ಅದಕ್ಕ ಕೈ ಹಚ್ಚಿದ್ರ ನಾನು ತವರಿಗಿ ಹೋಗಾಕಿ" ಎಂದು ನೀಲಮ್ಮ ಅಡ್ಡ ನಿಂತಳು. ಆ ದಿನ ಕುರುಗೋಡಿನಿಂದ ನನ್ನ ಅಕ್ಕ ಶಾಂತಮ್ಮ ಬಂದಿದ್ದಳು. ನನ್ನ ಜೋಲು ಮೋರೆ ನೋಡಿ, "ನಮ್ಮ ತಲಬಾಗಲಾ ಒಯ್ಯೋ ತಮ್ಮಾ. ಸಾಗುವಾನಿ ಐತಿ. ಬ್ಯಾಸಿಗ್ಯಾಗ ಎಲ್ಲಾರೂ ಹೊರಗ ಕಟ್ಟಿ ಮ್ಯಾಲೇ ಮಕ್ಕೊಂತೀವಿ, ಬಾಗಲಾ ಯಾರಿಗಿ ಬೇಕು?" ಅಂದಳು. ಅಕ್ಕಂದಿರು ಹೀಗೇ. ತಮ್ಮ ಕೇಳುವುದಕ್ಕೆ ಮೊದಲೇ ಕೊಟ್ಟು, ಅವನನ್ನು ಕೆಡಿಸಿಡುತ್ತಾರೆ.

ಬಾಗಿಲು ಬಂಡಿಯಲ್ಲಿ ಬಂತು. ಕಾಂಕ್ರೀಟು ಅಂಟದಿರಲೆಂದು ಸಾಬರು ಅದಕ್ಕೆ ಬಸ್ಸಿನ ಸುಟ್ಟ ಎಣ್ಣೆ ಬಳಿದರು. ಹಬ್ಬಕ್ಕೊಮ್ಮೆ ಅರಿಸಿನ ಕುಂಕುಮ ಕಂಡ ಬಾಗಿಲಿಗೆ ಆ ಎಣ್ಣೆ ಬೀಳುವಾಗ ನನಗೇ ಕಸಿವಿಸಿಯಾಯಿತು. ಛಾವಣಿ ಹಾಕಿ, ಮೇಲೆ ನೀರು ನಿಲ್ಲಿಸಿ, ಇಪ್ಪತ್ತೊಂದು ದಿನ ಯಾರೂ ಮುಟ್ಟಕೂಡದೆಂದು ನಾನೇ ಅಪ್ಪಣೆ ಹೊರಡಿಸಿದೆ. ಒಂಬತ್ತನೆಯ ದಿನ ಅಕ್ಕನಿಂದ ಕಾರ್ಡು ಬಂತು. ಸಿರುಗುಪ್ಪದಿಂದ ಶರಣಪ್ಪನವರು ಹೆಂಡತಿ ಮಗನೊಡನೆ ಪಾರ್ವತಿಯನ್ನು ನೋಡಲು ನಾಡಿದ್ದೇ ಬರುತ್ತಾರೆ, ಸೋದರಮಾವ ಮುಂದೆ ಕೂರಬೇಕು, ಆಗುವುದಾದರೆ ಬಾಗಿಲು ತಾ ಎಂದು. ಪಾರ್ವತಿ ಅಕ್ಕನ ಒಬ್ಬಳೇ ಮಗಳು. ಮನೆಯಲ್ಲಿ ಅವಳ ಬಾಯಿಗೆ ಬೀಗವಿಲ್ಲ, ಆದರೆ ನೋಡಲು ಬಂದವರ ಮುಂದೆ ಕಲ್ಲು. "ಹುಡುಗಿಗಿ ಮಾತು ಬರಂಗಿಲ್ಲೇನು?" ಎಂದು ಎರಡು ಕಡೆಯವರು ಆಗಲೇ ಎದ್ದು ಹೋಗಿದ್ದರು. ಈ ಸಲ ಬಾಗಿಲೂ ಇಲ್ಲವೆಂದರೆ, ತಲಬಾಗಿಲು ಮಾರಿಕೊಂಡು ತಿಂದ ಮನೆತನ ಎಂದುಕೊಳ್ಳುವುದಿಲ್ಲವೆ? ಊಟ ಬಿಟ್ಟು ಎದ್ದೆ.

ಸಾಬರ ಬಳಿ ಓಡಿದೆ. ಬಾಗಿಲೊಂದನ್ನೇ ಮೆಲ್ಲಗೆ ಎಳೆದು ತೆಗೆಯಲು ಬರುವುದಿಲ್ಲವೆ ಎಂದು ಕೇಳಿದೆ. ಅವರು ಗಡ್ಡ ನೀವಿಕೊಂಡು, "ತೆಗೀತೀನ್ರಿ, ಅದಕ್ಕೇನು. ಆದ್ರ ತೆಗಿಯೋ ಮುಂದ ನೀವು ಕೆಳಗ ನಿಂದ್ರಬೇಕು" ಎಂದರು. ನಾನು ಕುರುಗೋಡಿನ ಬಸ್ಸು ಹತ್ತಿದೆ, ಕಂಕುಳಲ್ಲಿ ನಮ್ಮ ಮನೆಯ ಜಮಖಾನ. ಈಗಲೇ ಎಳೆದರೆ ಛಾವಣಿ ಕುಸಿಯುತ್ತದೆ, ಬಾಗಿಲು ತಂದಿಲ್ಲ ಎಂದು ಅಕ್ಕನಿಗೆ ಹೇಳಿದೆ. ಅವಳು ಬೈದಿದ್ದರೆ ಹಗುರಾಗುತ್ತಿತ್ತೋ ಏನೋ. ಬೈಯಲಿಲ್ಲ. "ಏ ಹುಚ್ಚಪ್ಪಾ, ಚತ್ತು ನಿನ್ನ ತಲಿ ಮ್ಯಾಲೆ ಬಿದ್ದಿದ್ರ ನಾನು ಬಾಗಲಾ ಇಟಗೊಂಡು ಏನು ಮಾಡಬೇಕಿತ್ತು?" ಅಂದು ಜಮಖಾನ ಇಸಿದುಕೊಂಡಳು. ಆ ಮಾತನ್ನು ನೆನೆದರೆ ಈಗಲೂ ನನ್ನ ಕಣ್ಣು ತೇವವಾಗುತ್ತದೆ.

ಬಾಗಿಲಿನ ಜಾಗದಲ್ಲಿ ಜಮಖಾನ ತೂಗಿತು. ಸಿರುಗುಪ್ಪದವರು ಬಂದರು, ಅದನ್ನು ಸರಿಸಿಕೊಂಡು ತಲೆ ತಗ್ಗಿಸಿ ಒಳಗೆ ಬಂದರು. ಶರಣಪ್ಪನವರು ಗದ್ದೆಯ ಧಣಿ, ದೊಡ್ಡ ರುಮಾಲು, ಕಡಿಮೆ ಮಾತು. ಕೂತವರೇ ಖಾಲಿ ಚೌಕಟ್ಟನ್ನು ನೋಡಿ, "ಬಾಗಲಾ ಎಲ್ರಿ?" ಎಂದರು. ಅಕ್ಕನ ಮುಖ ಬಿಳಿಚಿತು. ಮಾನ ಉಳಿಸುವ ಭಾರ ನನ್ನ ಮೇಲೆ ಬಿತ್ತೆಂದು ತಿಳಿದು, ನಾನು ಸೆಂಟ್ರಿಂಗಿನ ವಿಷಯ ಎತ್ತಿಕೊಂಡೆ. ಮಾವಿನ ಹಲಗೆ ಮುಗಿಸಿ, ತಗಡಿನ ಎರಡನೆಯ ದೋಷಕ್ಕೆ ಬರುವ ಹೊತ್ತಿಗೆ ಪಾರ್ವತಿ ಉಪ್ಪಿಟ್ಟಿನ ತಟ್ಟೆ ಹಿಡಿದು, ಎಂದಿನಂತೆ ಕಲ್ಲಾಗಿ ಬಂದು ನಿಂತಳು. ವರನ ತಾಯಿ ಹೆಸರು ಕೇಳಿದರೂ ಉತ್ತರವಿಲ್ಲ. ಅಕ್ಕ ಸೆರಗಿನ ತುದಿ ಹಿಂಡುತ್ತಿದ್ದಳು.

ಅಷ್ಟರಲ್ಲಿ ಜಮಖಾನ ಒಳಕ್ಕೆ ಉಬ್ಬಿತು. ಓಣಿಯ ಎಮ್ಮೆಕರುವೊಂದು ಅದನ್ನು ನೂಕಿ, ಕಿತ್ತು, ಮೈಮೇಲೆ ಹೊದ್ದುಕೊಂಡೇ ಒಳಗೆ ಬಂದು, ನೇರವಾಗಿ ವರನ ತಟ್ಟೆಗೆ ಬಾಯಿ ಹಾಕಲು ಹೋಯಿತು. ನಾನು ತಗಡಿನ ಮೂರನೆಯ ದೋಷದಲ್ಲಿದ್ದೆ. ಪಾರ್ವತಿ ಕೈಲಿದ್ದ ತಟ್ಟೆಯನ್ನು ನನ್ನ ತೊಡೆಯ ಮೇಲೆ ಕುಕ್ಕಿ, ರೇಷ್ಮೆ ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿ, ಕರುವಿನ ಕಿವಿ ಹಿಡಿದಳು. "ಏ ಭಾಡ್ಯಾ, ಬೀಗರು ಕುಂತಿದ್ದು ಕಾಣಂಗಿಲ್ಲೇನು? ನಡಿ ಹೊರಗ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿ ಎಳೆದೊಯ್ದಳು. ಮರಳಿ ಬಂದು ಹೊಸ್ತಿಲಲ್ಲಿ ನಿಂತಾಗಲೇ ತಾನು ಆಡಿದ್ದೇನೆಂದು ಹೊಳೆದಿರಬೇಕು. ಕಿವಿಯ ತನಕ ಕೆಂಪಾದಳು. ವರನ ತಾಯಿ ಮೊದಲು ನಕ್ಕರು. "ಹುಡುಗೀನೇ ಬೀಗರು ಅಂದ ಮ್ಯಾಲೆ ಅಲ್ಲ ಅನ್ನಾಕ ನಾವ್ಯಾರು?" ಎಂದರು. ಹುಡುಗನಂತೂ ಆಗಿನಿಂದ ಖಾಲಿ ಚೌಕಟ್ಟಿನ ಕಡೆಯಿಂದ ಕಣ್ಣು ತೆಗೆದಿರಲಿಲ್ಲ. ಶರಣಪ್ಪನವರು ಅಕ್ಕನ ಕೈಯಿಂದ ಒಪ್ಪಿಗೆಯ ಸಕ್ಕರೆ ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು. ಅಕ್ಕ ಅಡುಗೆಮನೆಗೆ ಹೋಗಿ ಅತ್ತಳು. ನಾನೂ ಹಿಂದೆಯೇ ಹೋಗಿ ಅತ್ತೆ.

ಗಡುವಿನ ಪ್ರಕಾರ ಸೆಂಟ್ರಿಂಗ್ ಬಿಚ್ಚಿ, ಬಾಗಿಲನ್ನು ತಿಕ್ಕಿ ತೊಳೆದು ಕುರುಗೋಡಿಗೆ ಮುಟ್ಟಿಸಿದೆ. ಸಂಬಂಧ ಕುದುರಿದ್ದು ನನ್ನ ಉಪನ್ಯಾಸದಿಂದಲೇ ಎಂದು ಕಚೇರಿಯಲ್ಲಿ ನಾಲ್ಕು ಜನರಿಗೆ ಹೇಳಿಯೂ ಹೇಳಿದೆ. ಅದಕ್ಕೆ ಸಾಕ್ಷಿಯೆಂಬಂತೆ ಶರಣಪ್ಪನವರಿಂದ ಕಾಗದವೂ ಬಂತು: ಮದುವೆಯೊಳಗೆ ಮಗ ಸೊಸೆಗೆಂದು ಒಂದು ಕಾಂಕ್ರೀಟಿನ ಕೋಣೆ ಹಾಕಿಸುತ್ತಿದ್ದೇವೆ, ತಾವು ಬಂದು ಹೋಗಬೇಕು. ನಾನು ಕೋಟು ತೊಟ್ಟು, ಐದು ಬಗೆಯ ಸೆಂಟ್ರಿಂಗಿನ ಗುಣದೋಷಗಳನ್ನು ನಾಲ್ಕು ಹಾಳೆ ದುಂಡಗೆ ಬರೆದುಕೊಂಡು ಸಿರುಗುಪ್ಪಕ್ಕೆ ಹೋದೆ. ಅವರು ಹಾಳೆಗಳನ್ನು ಭಕ್ತಿಯಿಂದ ತೆಗೆದುಕೊಂಡು ಎಲೆಯಡಿಕೆ ತಟ್ಟೆಯ ಕೆಳಗಿಟ್ಟು, "ಅದಿರಲಿ. ನಿಮ್ಮ ಮನಿ ತಲಬಾಗಲಾ ಎಷ್ಟು ಅಗಲ ಐತ್ರಿ?" ಎಂದರು.

ಹೊಸ ಬೀಗರು, ಪಾರ್ವತಿ ಬಾಳಬೇಕಾದ ಕೋಣೆ. ಹೇಗೆ ಇಲ್ಲವೆನ್ನಲಿ? ಹೆದರುತ್ತಲೇ ನೀಲಮ್ಮನಿಗೆ ಹೇಳಿದೆ. ಅವಳು, "ಅಕ್ಕಾರು ತಮ್ಮ ಬಾಗಲಾ ಕೊಡೋ ಮುಂದ ಒಂದಾರ ಮಾತು ಅಂದ್ರೇನು? ನಾನ್ಯಾಕ ಅನ್ಲಿ?" ಎಂದು ಬಾಗಿಲಿಗೆ ಅರಿಸಿನ ಕುಂಕುಮ ಹಚ್ಚಿ, ಮಗಳನ್ನು ಕಳಿಸಿದ ಹಾಗೆ ಬಂಡಿಗೆ ಏರಿಸಿ ಕಳಿಸಿದಳು. ಇವತ್ತು ರವಿವಾರ. ಅವಳು ಪಕ್ಕದ ಮನೆಗೆ ಶಾವಿಗೆ ಹೊಸೆಯಲು ಹೋಗಿದ್ದಾಳೆ. "ನಾ ಬರೋ ತನಕ ಅಲ್ಲಿಂದ ಏಳಬ್ಯಾಡ್ರಿ" ಎಂದು ನನ್ನನ್ನು ಹೊಸ್ತಿಲ ಮೇಲೆ ಕೂರಿಸಿ ಹೋಗಿದ್ದಾಳೆ. ಇದನ್ನು ಅಲ್ಲೇ ಕೂತು ಬರೆದೆ. ಸಾಗುವಾನಿಗೂ ಗುಮಾಸ್ತನಿಗೂ ಇರುವ ವ್ಯತ್ಯಾಸವನ್ನು ಇನ್ನು ಯಾರೂ ನನಗೆ ವಿವರಿಸಬೇಕಾಗಿಲ್ಲ: ಈ ಕೊನೆಯ ಎರಡು ಸಾಲು ಬರೆಯುವಷ್ಟರಲ್ಲಿ ಓಣಿಯ ಆಡೊಂದು ನನ್ನನ್ನು ದಾಟಿ ಒಳಗೆ ಹೋಗಿದೆ.