ಪಿಕಪ್ಪಿಗೊಂದು ಮುಚ್ಚಳ

ಶನಿವಾರ ಬೆಳಗ್ಗೆ ಆರಿನ್ ಟೀಸ್‌ಡೇಲ್ ಕಾಫಿ ಲೋಟ ಹಿಡಿದು ಹೊರಗೆ ಬಂದಾಗ ಅವನ ಪಿಕಪ್ಪಿನ ಬಾಡಿಯಲ್ಲಿ ಒಂದು ಸೋಫಾ ಕೂತಿತ್ತು. ಮೂರು ಕಾಲಿನ ಸೋಫಾ. ನಾಲ್ಕನೆಯ ಕಾಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮೇಲಿಟ್ಟಿದ್ದರು. ಜೊತೆಗೊಂದು ಚೀಟಿ: ‘ಆರಿನ್, ಇದನ್ನು ನಮ್ಮಕ್ಕನ ಮನೆಗೆ ತಲುಪಿಸಿಬಿಡು. ಅವಸರವೇನಿಲ್ಲ. ಒಂಬತ್ತು ಗಂಟೆಯೊಳಗೆ ಆದರೆ ಸಾಕು.’ ಕೆಳಗೆ ಹೆಸರಿರಲಿಲ್ಲ. ವೀಲರ್ ಬೆಂಡ್‌ನಲ್ಲಿ ಯಾರ ಅಕ್ಕನ ಮನೆ ಎಲ್ಲಿದೆಯೆಂದು ಆರಿನ್‌ಗೆ ಗೊತ್ತು ಎನ್ನುವುದು ಊರಿಗೆಲ್ಲ ಗೊತ್ತಿತ್ತು.

ಆ ಊರಿನಲ್ಲಿ ಪಿಕಪ್ಪು ಇದ್ದವನು ಆರಿನ್ ಒಬ್ಬನೇ ಅಲ್ಲ. ಕಾನ್ಸಾಸಿನಲ್ಲಿ ಮನೆಗೆ ಬಾಗಿಲಿಲ್ಲದಿದ್ದರೂ ಮುಂದೆ ಒಂದು ಪಿಕಪ್ಪು ನಿಂತಿರುತ್ತದೆ. ಆದರೆ ಬೇರೆಯವರನ್ನು ಕೇಳಿದರೆ ಅವರು ‘ಆಗಲ್ಲ’ ಅಂದುಬಿಡುತ್ತಿದ್ದರು. ಆರಿನ್‌ಗೆ ಆ ಮಾತು ಬರುತ್ತಿರಲಿಲ್ಲ. ಮನೆಮನೆಯ ನೀರಿನ ಮೀಟರು ಓದುವ ಕೆಲಸದವನು. ಓದಿದ್ದನ್ನು ಹೇಳಿ ಅಭ್ಯಾಸವೇ ಹೊರತು ತನ್ನದೇ ಮಾತು ಹೇಳಿ ಅಭ್ಯಾಸವಿಲ್ಲ. ಬಚ್ಚಲಮನೆಯ ಕನ್ನಡಿ ಮುಂದೆ ನಿಂತು ಕಲಿಯಲು ನೋಡಿದ್ದ. ‘ಆಗ...’ ತನಕ ಸಲೀಸಾಗಿ ಬರುತ್ತಿತ್ತು. ಅಲ್ಲಿಂದ ಮುಂದೆ ನಾಲಿಗೆ ಜಾರಿ ‘ಆಗ್ಲಿ’ ಎಂದು ಹೊರಬೀಳುತ್ತಿತ್ತು.

ಅವನ ಹೆಂಡತಿ ಮಾವಿಸ್ ಕಿಟಕಿಯಿಂದ ಸೋಫಾ ನೋಡಿದಳು.

“ಎರಡು ವರ್ಷದಿಂದ ಕೆರೆ ದಂಡೆಗೆ ಹೋಗಿ ಎರಡು ದಿನ ಇದ್ದು ಬರೋಣ ಅಂತಿದ್ದೀಯ,” ಎಂದಳು. “ಟೆಂಟು ಇನ್ನೂ ಡಬ್ಬದಲ್ಲೇ ಇದೆ. ಈ ಊರಿನ ಸೋಫಾಗಳು ನನಗಿಂತ ಜಾಸ್ತಿ ಊರು ನೋಡಿವೆ.”

“ಇದೊಂದು ಬಿಟ್ಟು ಬರ್ತೀನಿ.”

“ಬಿಟ್ಟು ಸೀದಾ ಹೋಬರ್ಟ್ ಅಂಗಡಿಗೆ ಹೋಗು. ಆ ಪಿಕಪ್ಪಿಗೆ ಒಂದು ಮುಚ್ಚಳ ಹಾಕಿಸು. ಬೀಗ ಇರೋದು. ನಿನ್ನ ಬಾಯಲ್ಲಿ ಬರದೆ ಇರೋದನ್ನ ಆ ಮುಚ್ಚಳನಾದ್ರೂ ಹೇಳ್ಲಿ.”

ಆರಿನ್‌ಗೆ ಈ ಮಾತು ಎಷ್ಟು ಹಿಡಿಸಿತೆಂದರೆ ಸೋಫಾ ಇಳಿಸಿ ವಾಪಸು ಬರುವಾಗ ಅವನು ಸಿಳ್ಳೆ ಹಾಕುತ್ತಿದ್ದ. ಸಿಳ್ಳೆ ತಿರುವಿನವರೆಗೆ ಮಾತ್ರ ಬಂತು. ತಿರುವಿನಲ್ಲಿ ವೆಂಡೆಲ್ ಗ್ರಬ್ಸ್ ಮೇಷ್ಟ್ರು ಅಳತೆ ಟೇಪು, ಟಾರ್ಚು, ನೋಟುಬುಕ್ಕು ಹಿಡಿದು ನಿಂತಿದ್ದರು. ಮೂವತ್ತನಾಲ್ಕು ವರ್ಷ ಊರಿನ ಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತರಾದವರು. ಆರಿನ್‌ಗೂ ಪಾಠ ಮಾಡಿದ್ದರು. ನಿವೃತ್ತರಾಗಿದ್ದು ಸಂಬಳದಿಂದ ಮಾತ್ರ.

“ಮಾವಿಸ್ ಹೇಳಿದ್ಲು,” ಎಂದು ಕೇಳದೆಯೇ ಹತ್ತಿ ಕೂತರು. “ಮುಚ್ಚಳದ ವಿಷಯದಲ್ಲಿ ಒಬ್ಬನೇ ಹೋಗಬಾರದು ಕಣೋ. ಮದುವೆಗೆ ಹೆಣ್ಣು ನೋಡೋಕೆ ಒಬ್ಬನೇ ಹೋಗ್ತೀಯಾ?”

“ಹೋಗಿದ್ದೆ ಮೇಷ್ಟ್ರೇ.”

“ಅದಕ್ಕೇ ಹೇಳಿದ್ದು.”

ಹೋಬರ್ಟ್ ಪ್ರೂಯಿಟ್‌ನ ಅಂಗಡಿ ಹೆದ್ದಾರಿ ಪಕ್ಕದಲ್ಲಿತ್ತು. ಪಿಕಪ್ಪಿನ ಮುಚ್ಚಳಗಳ ಬಗ್ಗೆ ಹೋಬರ್ಟ್ ಮಾತಾಡುವಾಗ ಪಾದ್ರಿಗಳು ಪರಲೋಕದ ಬಗ್ಗೆ ಮಾತಾಡಿದ ಹಾಗಿರುತ್ತಿತ್ತು. ಚಾಪೆಯಂತೆ ಸುತ್ತುವ ರೆಕ್ಸಿನ್ ಮುಚ್ಚಳ ತೋರಿಸಿದ. “ಒಂದು ಆಲಿಕಲ್ಲು ಮಳೆ ಬಂದ್ರೆ ಇದು ಜರಡಿ,” ಎಂದರು ಮೇಷ್ಟ್ರು. ಅಂಗಡಿ ಶಟರಿನಂತೆ ಒಳಗೆ ಸರಿಯುವುದನ್ನು ತೋರಿಸಿದ. “ಧೂಳು ಸಿಕ್ಕಿಕೊಂಡ್ರೆ ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ, ನಮ್ಮ ಪುರಸಭೆ ಥರ.” ಒಂದೇ ತುಂಡಿನ ಫೈಬರ್ ಮುಚ್ಚಳವನ್ನು ಎತ್ತಿ ತೋರಿಸಿದ. “ನಮ್ಮ ಗಾಳಿ ಗೊತ್ತಲ್ಲ. ಇದನ್ನ ತೆರೆದು ನಿಲ್ಲಿಸಿದ್ರೆ ಆರಿನ್ ಪಕ್ಕದ ರಾಜ್ಯದಲ್ಲಿ ಇಳೀತಾನೆ.”

ಆಮೇಲೆ ಮೇಷ್ಟ್ರು ಬಾಡಿಯ ಉದ್ದ ಅಳೆದರು. ಮೂರು ಸಲ ಅಳೆದರು. ಮೂರು ಸಲವೂ ಬೇರೆ ಬೇರೆ ಬಂತು. ಮೂರನ್ನೂ ಕೂಡಿಸಿ ಸರಾಸರಿ ತೆಗೆದು ಒಂದು ಅಂಕಿ ಹೇಳಿದರು. ಆ ಉದ್ದದ ಗಾಡಿಯನ್ನು ಪ್ರಪಂಚದಲ್ಲಿ ಇನ್ನೂ ಯಾರೂ ತಯಾರಿಸಿಲ್ಲ ಎಂದು ಹೋಬರ್ಟ್ ಹೇಳಿದ.

“ನನಗೆ ಬೀಗ ಇದ್ರೆ ಸಾಕು,” ಎಂದ ಆರಿನ್ ಮೂಲೆಯಿಂದ.

ಕೊನೆಗೆ ಮೂರಾಗಿ ಮಡಚುವ ಅಲ್ಯೂಮಿನಿಯಂ ಮುಚ್ಚಳವೊಂದು ಗೊತ್ತಾಯಿತು. ಕಪ್ಪಗೆ, ಗಟ್ಟಿಯಾಗಿ, ಮುಖ ಗಂಟಿಕ್ಕಿಕೊಂಡ ಹಾಗೆ ಇತ್ತು. ಅದನ್ನು ನೋಡಿದ ಯಾರಿಗೂ ಸೋಫಾ ಇಡುವ ಧೈರ್ಯ ಬರುವಂತಿರಲಿಲ್ಲ. ಹೋಬರ್ಟ್ ಮುಕ್ಕಾಲು ಗಂಟೆಯಲ್ಲಿ ಕೂರಿಸಿದ. ಹಿಂಬಾಗಿಲ ಬೀಗ ಹಾಕಿದರೆ ಮುಚ್ಚಳವೂ ಅಲುಗುವುದಿಲ್ಲ. ಅಕಸ್ಮಾತ್ ಯಾರಾದರೂ ಒಳಗೆ ಸಿಕ್ಕಿಕೊಂಡರೆ ಎಳೆಯಲು ಒಳಗೊಂದು ಹಗ್ಗ.

“ಇವತ್ತೊಂದಿನ ಇಟ್ಕೊಂಡು ನೋಡು. ಹಿಡಿಸದಿದ್ರೆ ಸಂಜೆ ವಾಪಸ್ ತಗೊಂಡು ಬಾ. ಒಂದು ಹನಿ ನೀರು ಇಳಿಯಲ್ಲ, ಬರೆದು ಕೊಡ್ತೀನಿ,” ಎಂದ ಹೋಬರ್ಟ್.

ಆ ಮಾತನ್ನು ಅವನು ಆಡಬಾರದಿತ್ತು. ಮೇಷ್ಟ್ರ ಕನ್ನಡಕ ಮಿಂಚಿತು.

“ನೀರು ಇಳಿಯದ ಜಾಗ ಅಂತ ಪ್ರಪಂಚದಲ್ಲೇ ಇಲ್ಲ ಹೋಬರ್ಟ್. ಎಂಟನೇ ಕ್ಲಾಸಲ್ಲಿ ಹೇಳಿಕೊಟ್ಟಿದ್ದೆ. ನೀನು ಕಿಟಕಿಯಿಂದ ಆಚೆ ನೋಡ್ತಿದ್ದೆ. ನಡಿಯೋ ಆರಿನ್, ಕಾರ್ ತೊಳೆಯೋ ಜಾಗಕ್ಕೆ.”

ಅಲ್ಲಿ ಬ್ರಷ್ಷುಗಳು ತಿರುಗುವ ಗೂಡಿನ ಮುಂದೆ ಗಾಡಿ ನಿಂತಾಗ ಮೇಷ್ಟ್ರು ಕೆಳಗಿಳಿದು, ಹಿಂದೆ ಹೋಗಿ, ಬಾಡಿಯೊಳಗೆ ತೆವಳಿಕೊಂಡು ಮಲಗಿದರು. ಕೋಟು ಮಡಿಸಿ ತಲೆಗಿಟ್ಟುಕೊಂಡರು.

“ಹೊರಗಿಂದ ನೀರು ಬಿಟ್ಟು, ಆಮೇಲೆ ತೆಗೆದು ನೋಡಿದ್ರೆ ಸಾಲ್ದಾ ಮೇಷ್ಟ್ರೇ?”

“ನೀರು ಬಂತು ಅಂತ ಮಾತ್ರ ಗೊತ್ತಾಗುತ್ತೆ. ಎಲ್ಲಿಂದ ಬಂತು ಅಂತ ಗೊತ್ತಾಗಬೇಡ್ವ? ನೋಡೋ ಕಣ್ಣು ಒಳಗಿರಬೇಕು. ಮುಚ್ಚು.”

ಆರಿನ್ ಮುಚ್ಚಿ ಬೀಗ ಹಾಕಿದ. ನೊರೆ ಸುರಿಯಿತು, ಬ್ರಷ್ಷುಗಳು ತಿರುಗಿದವು, ಬಿಸಿಗಾಳಿ ಬೀಸಿತು. ಆಚೆ ಕಡೆಯಿಂದ ಗಾಡಿ ಹೊಸ ಅಳಿಯನಂತೆ ಹೊಳೆಯುತ್ತ ಹೊರಬಂತು. ಆರಿನ್ ಇಳಿದು ಹಿಂಬಾಗಿಲಿಗೆ ಕೀಲಿ ತೂರಿಸಿ ತಿರುಗಿಸಿದ. ಕೀಲಿಯ ತಲೆ ಅವನ ಬೆರಳಲ್ಲಿ ಉಳಿಯಿತು. ಉಳಿದದ್ದು ಬೀಗದಲ್ಲಿ ಉಳಿಯಿತು.

ಆರಿನ್ ಕೀಲಿಯ ತಲೆಯನ್ನು ಜೇಬಿಗೆ ಹಾಕಿಕೊಂಡ.

“ಆರಿನ್,” ಎಂದಿತು ಮುಚ್ಚಳದ ಕೆಳಗಿನ ದನಿ.

“ಹೇಳಿ ಮೇಷ್ಟ್ರೇ.”

“ಹಗ್ಗ ಎಳೆದೆ.”

“ಏನಾಯ್ತು?”

“ಹಗ್ಗ ನನ್ನ ಕೈಲಿದೆ. ಪೂರ್ತಿ.”

“ಉಸಿರಾಡೋಕೆ ಆಗ್ತಿದೆಯಾ?”

“ಗಾಳಿ ಚೆನ್ನಾಗಿ ಬರ್ತಿದೆ. ಗಾಳಿ ಬಂದ ಕಡೆ ನೀರೂ ಬರಬೇಕಿತ್ತು. ಬಂದಿಲ್ಲ. ನನಗೆ ಅದೇ ಬೇಜಾರು.”

ಆರಿನ್ ಅಂಗಡಿಗೆ ಓಡಿಸಿದ. ಬಾಗಿಲು ಹಾಕಿತ್ತು. ಗಾಜಿನ ಮೇಲೆ ಕಾಗದವೊಂದು ಅಂಟಿತ್ತು: ‘ಯೂಡೋರಾ ಫಿಂಚ್ ಅವರ ಮಣ್ಣಿಗೆ ಹೋಗಿದ್ದೇನೆ. ಮೂರು ಗಂಟೆಗೆ ಬರುತ್ತೇನೆ.’ ಯೂಡೋರಾ ಫಿಂಚ್ ತೊಂಬತ್ತೇಳು ವರ್ಷದ ಮುದುಕಿ. ಹಿಂದೆ ಊರಿನ ಟೆಲಿಫೋನ್ ಕಚೇರಿಯಲ್ಲಿ ಕೂತು ಎಲ್ಲರ ಕರೆಗಳನ್ನೂ ಜೋಡಿಸುತ್ತಿದ್ದವಳು, ನಡುವೆ ತನ್ನದೂ ಒಂದು ಮಾತು ಸೇರಿಸುತ್ತಿದ್ದವಳು. ಆರಿನ್ ಚೀಟಿಯನ್ನು ಗಟ್ಟಿಯಾಗಿ ಓದಿ ಹೇಳಿದ.

“ಮೂರು ಗಂಟೆವರೆಗೆ ಆಗಲ್ಲ ಕಣೋ,” ಎಂದರು ಮೇಷ್ಟ್ರು ಒಳಗಿನಿಂದ. “ಬೆಳಗ್ಗೆ ಎರಡು ದೊಡ್ಡ ಲೋಟ ಕಾಫಿ ಕುಡಿದಿದ್ದೀನಿ.”

ಆರಿನ್ ಸ್ಮಶಾನದ ಕಡೆ ತಿರುಗಿಸಿದ. ಊರಿಗಿದ್ದ ಒಂದೇ ಒಂದು ಸಿಗ್ನಲ್ಲಿನಲ್ಲಿ ಶವಯಾತ್ರೆ ನಿಂತಿತ್ತು. ಮುಂದೆ ಕಪ್ಪು ಶವವಾಹನ, ಅದರ ಹಿಂದೆ ಬಾನೆಟ್ ಎತ್ತಿಕೊಂಡು ನಿಂತ ಮನೆಯವರ ಕಾರು. ಬಿಳಿ ಕೈಗವಸು ಹಾಕಿದ ಪೊಲೀಸಿನವನು ತೊಳೆದು ಹೊಳೆಯುತ್ತಿದ್ದ ಪಿಕಪ್ಪನ್ನು ಕಂಡು ಓಡಿಬಂದ.

“ದೇವರು ಬಂದ ಹಾಗೆ ಬಂದೆ ಆರಿನ್. ಈ ಕಾರು ಸ್ಟಾರ್ಟ್ ಆಗ್ತಿಲ್ಲ. ಥಡ್ಡಿಯಸ್ ಅಜ್ಜನ್ನ ನಿನ್ನ ಪಕ್ಕ ಕೂರಿಸ್ಕೊಂಡು ಬಾಡಿ ಹಿಂದೇನೇ ಹೋಗು.”

“ಬಾಡಿ ಹಿಂದೇನೇ ಇದೆ, ತೊಂದರೆ ಆಗಿರೋದೇ ಅದು,” ಎಂದ ಆರಿನ್ ಗಾಬರಿಯಿಂದ.

ಪೊಲೀಸಿನವನು ಕೇಳಿಸಿಕೊಳ್ಳಲಿಲ್ಲ. ಯೂಡೋರಾಳ ತಮ್ಮ, ತೊಂಬತ್ತೊಂದರ ಥಡ್ಡಿಯಸ್ ಅಜ್ಜನನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿಬಿಟ್ಟ. ಅಜ್ಜ ಟೊಪ್ಪಿಗೆಯನ್ನು ತೊಡೆಯ ಮೇಲಿಟ್ಟುಕೊಂಡ. ಶವಯಾತ್ರೆ ಗಂಟೆಗೆ ಎಂಟು ಮೈಲಿಯ ವೇಗದಲ್ಲಿ ಹೊರಟಿತು.

ಮೊದಲ ಉಬ್ಬಿನಲ್ಲಿ ಹಿಂದಿನಿಂದ ಧಡ್ ಎಂದಿತು.

“ಏನಪ್ಪ ಅದು?” ಎಂದ ಅಜ್ಜ.

“ಸಾಮಾನು ಅಜ್ಜ.”

“ನಿಧಾನಕ್ಕೆ ಹೋಗು. ಗುಂಡಿ ಇರೋ ಕಡೆ ಬ್ರೇಕು ಹಿಡಿ,” ಎಂದಿತು ಸಾಮಾನು.

ಅಜ್ಜ ಬಹಳ ಹೊತ್ತು ಮುಂದಿನ ಶವವಾಹನವನ್ನೇ ನೋಡಿದ. ಅವನಿಗೆ ಕಿವಿ ಅರ್ಧ ಮಂದ. ಆ ಅರ್ಧದಲ್ಲಿ ಏನು ಕೇಳಿಸಿತೋ, ಕಣ್ಣಲ್ಲಿ ನೀರು ತುಂಬಿತು.

“ನಮ್ಮ ಯೂಡೋರಾ,” ಎಂದ. “ಯಾರು ಗಾಡಿ ಓಡಿಸಿದ್ರೂ ಹಿಂದೆ ಕೂತು ಹೇಳ್ತಾನೇ ಇರ್ತಿದ್ಲು. ಸತ್ತ ಮೇಲೂ ಬಿಡಲಿಲ್ಲ ನೋಡು. ಅವಳು ಹೇಳಿದ ಹಾಗೆ ಮಾಡಪ್ಪ, ಬ್ರೇಕು ಹಿಡಿ.”

ಆರಿನ್ ಬ್ರೇಕು ಹಿಡಿದ. 

ಸ್ಮಶಾನದಲ್ಲಿ ಪಿಕಪ್ಪಿಗೆ ಗುಂಡಿಯ ಪಕ್ಕದಲ್ಲೇ ಜಾಗ ಸಿಕ್ಕಿತು. ಹೋಬರ್ಟ್ ಶವಪೆಟ್ಟಿಗೆಯ ಒಂದು ಮೂಲೆಗೆ ಹೆಗಲು ಕೊಟ್ಟಿದ್ದ. ಆರಿನ್ ಕಣ್ಣು ಮಿಟುಕಿಸಿ, ಹುಬ್ಬು ಹಾರಿಸಿ ಕರೆದ. ಇವನಿಗೆ ದುಃಖ ತಡೆಯಲಾಗುತ್ತಿಲ್ಲ ಎಂದುಕೊಂಡು ಹೋಬರ್ಟ್ ಗಂಭೀರವಾಗಿ ತಲೆಯಾಡಿಸಿದ. ಪಾದ್ರಿಗಳು ಪುಸ್ತಕ ತೆರೆದರು.

“ನಮ್ಮ ಸಹೋದರಿ ಯೂಡೋರಾ ಲೋಕದ ಗದ್ದಲವನ್ನೆಲ್ಲ ಬಿಟ್ಟು ಈಗ ಶಾಂತಿಯಿಂದ ಮಲಗಿದ್ದಾಳೆ.”

ಟಕ್ ಟಕ್ ಟಕ್.

“ಆಕೆಗೆ ಇನ್ನು ಯಾವ ಆತುರವೂ ಇಲ್ಲ.”

“ಇನ್ನೆಷ್ಟು ಹೊತ್ತು?” ಎಂದಿತು ದನಿ. “ನನಗೆ ತಡೆಯೋಕಾಗ್ತಿಲ್ಲ.”

ಪಾದ್ರಿಗಳು ಪುಸ್ತಕದ ಮೇಲಿಂದ ಪೆಟ್ಟಿಗೆಯನ್ನು ನೋಡಿದರು, ಪೆಟ್ಟಿಗೆ ಹೊತ್ತವರು ಒಬ್ಬರನ್ನೊಬ್ಬರು ನೋಡಿದರು. ಉಳಿದ ನಾಲ್ಕು ಪುಟವನ್ನು ಪಾದ್ರಿಗಳು ಒಂದೇ ಉಸಿರಿನಲ್ಲಿ ಮುಗಿಸಿದರು. ವೀಲರ್ ಬೆಂಡ್‌ನ ಚರಿತ್ರೆಯಲ್ಲಿ ಅಷ್ಟು ಚುರುಕಾಗಿ ಯಾರನ್ನೂ ಮಣ್ಣು ಮಾಡಿರಲಿಲ್ಲ.

ಪೆಟ್ಟಿಗೆ ಇಳಿದದ್ದೇ ಆರಿನ್ ಹೋಬರ್ಟ್‌ನ ತೋಳು ಹಿಡಿದು ಎಳೆದ. ಹೋಬರ್ಟ್‌ನ ಸೂಟಿನ ಜೇಬಿನಲ್ಲೂ ಸ್ಕ್ರೂಡ್ರೈವರ್ ಇರುತ್ತಿತ್ತು. ಥಡ್ಡಿಯಸ್ ಅಜ್ಜ ಒಬ್ಬನೇ ಗುಂಡಿಯ ಪಕ್ಕದ ಕುರ್ಚಿಯಲ್ಲಿ ಉಳಿದ. ಉಳಿದವರೆಲ್ಲ ಪಿಕಪ್ಪಿನ ಸುತ್ತ ನೆರೆದರು. ಎರಡು ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತಿದಾಗ ಮೇಷ್ಟ್ರು ಎದೆಯ ಮೇಲೆ ಕೈ ಜೋಡಿಸಿಕೊಂಡು, ಕೈಗಳ ನಡುವೆ ಟಾರ್ಚು ಉರಿಸಿಕೊಂಡು, ಅಂಗಾತ ಮಲಗಿದ್ದರು. ಚರ್ಚಿನಲ್ಲಿ ಹಾಡುವ ಹೆಂಗಸೊಬ್ಬಳು ಹುಲ್ಲಿನ ಮೇಲೆ ಕುಸಿದು ಕೂತಳು.

ಮೇಷ್ಟ್ರು ಎದ್ದು ಕೂತರು.

“ಒಂದು ಹನಿಯೂ ಇಳಿದಿಲ್ಲ,” ಎಂದು ಜೀವನದಲ್ಲಿ ಸೋತವರ ದನಿಯಲ್ಲಿ ಹೇಳಿ, ಬೇಲಿಯ ಪೊದೆಗಳ ಕಡೆ ಓಡಿದರು.

 ಆಮೇಲೆ ಒಬ್ಬ ರೈತ ಮುಂದೆ ಬಂದು ಮುಚ್ಚಳವನ್ನು ಬೆರಳಿನಿಂದ ತಟ್ಟಿ ನೋಡಿದ.

“ಕಾರ್ ತೊಳೆಯೋ ಗೂಡಿನೊಳಗೆ ಹೋಗಿ ಬಂತಾ ಇದು?”

“ಹೂಂ,” ಎಂದ ಆರಿನ್.

“ಮೇಷ್ಟ್ರು ಒಳಗಿದ್ದು, ತಪ್ಪು ಸಿಗಲಿಲ್ಲ ಅಂದ್ರಾ?”

“ಹೂಂ.”

ವೆಂಡೆಲ್ ಮೇಷ್ಟ್ರು ಮೂವತ್ತನಾಲ್ಕು ವರ್ಷದಲ್ಲಿ ಯಾರಿಗೂ ನೂರಕ್ಕೆ ನೂರು ಕೊಟ್ಟವರಲ್ಲ. ಅದು ಅಲ್ಲಿದ್ದವರೆಲ್ಲರಿಗೂ ಸ್ವಂತ ಅನುಭವ. ಚರ್ಚಿನ ನೆಲಮಾಳಿಗೆಯಲ್ಲಿ ಹಂದಿಮಾಂಸದ ಸ್ಯಾಂಡ್‌ವಿಚ್ಚು, ಆಲೂಗಡ್ಡೆ ಪಲ್ಯದ ಊಟ ಮುಗಿಯುವಷ್ಟರಲ್ಲಿ ಯೂಡೋರಾಳ ಫೋಟೋ ಇದ್ದ ಪ್ರಾರ್ಥನಾ ಪತ್ರಗಳ ಹಿಂಬದಿಯಲ್ಲಿ ಹೋಬರ್ಟ್ ಹದಿನಾಲ್ಕು ಆರ್ಡರು ಬರೆದುಕೊಂಡಿದ್ದ.

ಥಡ್ಡಿಯಸ್ ಅಜ್ಜ ಮೆಲ್ಲಗೆ ಬಂದು ಆರಿನ್‌ನ ಕೈ ಹಿಡಿದುಕೊಂಡ.

“ನನ್ನ ಗಾಡಿಗೂ ಒಂದು ಬೇಕಪ್ಪ. ಹೊಸದು ಬೇಡ. ನಿನ್ನದೇ ಬೇಕು. ನಮ್ಮಕ್ಕ ಕೊನೇ ಸಲ ಮಾತಾಡಿದ್ದು ಅದರ ಕೆಳಗಿಂದ.”

ನೆಲಮಾಳಿಗೆಯಲ್ಲಿದ್ದ ಅಷ್ಟೂ ಜನ ಚಮಚ ಕೆಳಗಿಟ್ಟು ಆರಿನ್‌ನನ್ನು ನೋಡಿದರು. ಮಾತಾಡಿದ್ದು ಯಾರೆಂದು ಅಜ್ಜನಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಮೇಷ್ಟ್ರೇ ಉಪ್ಪಿನಕಾಯಿ ಹುಡುಕುವವರಂತೆ ಆ ಕಡೆ ತಿರುಗಿಕೊಂಡರು.

“ಆಗ...” ಎಂದ ಆರಿನ್. ಹಣೆಯಲ್ಲಿ ಬೆವರು ಬಂತು. “ಆಗ್ಲಿ ಅಜ್ಜ.”

ಸಂಜೆ ಐದಕ್ಕೆ ಅಂಗಡಿಯಲ್ಲಿ ಹೋಬರ್ಟ್ ಮುಚ್ಚಳ ಬಿಚ್ಚಿ, ಅಜ್ಜನ ಹೆಸರು ಬರೆದು ಗೋಡೆಗೆ ಒರಗಿಸಿಟ್ಟ. ಮಾವಿಸ್ ಫೋನು ಮಾಡಿ “ಹಾಕಿಸಿದ್ಯಾ?” ಎಂದು ಕೇಳಿದಳು. “ಹಾಕಿಸ್ದೆ,” ಎಂದ ಆರಿನ್. ಅದು ಸುಳ್ಳೇನಲ್ಲ.

“ಹೋಬರ್ಟ್, ಆ ಹದಿನಾಲ್ಕರ ಜೊತೆ ನನ್ನದೂ ಒಂದು ಬರ್ಕೊ.”

ಹೋಬರ್ಟ್ ತಲೆ ಕೆರೆದುಕೊಂಡ.

“ಅಲ್ಲೇ ಸ್ವಲ್ಪ ತೊಡಕಿದೆ ಕಣಯ್ಯ. ಎಲ್ಲರೂ ಒಂದೇ ಪ್ರಶ್ನೆ ಕೇಳಿದ್ರು. ಮುಚ್ಚಳ ಹಾಕಿಸಿಬಿಟ್ರೆ ನಾಳೆ ಫ್ರಿಜ್ಜು, ಮಂಚ, ಹುಲ್ಲಿನ ಕಟ್ಟು ತರೋದು ಯಾವುದ್ರಲ್ಲಿ ಅಂತ. ಆರಿನ್ ಮುಚ್ಚಳ ಅಜ್ಜನಿಗೆ ಹೋಯ್ತಲ್ಲ, ಅವನ ಗಾಡಿ ತೆರೆದೇ ಇರುತ್ತೆ ಅಂದೆ. ತಕ್ಷಣ ಸಹಿ ಹಾಕಿದ್ರು. ನೀನೂ ಮುಚ್ಚಿಸ್ಕೊಂಡ್ರೆ ಹದಿನಾಲ್ಕು ಜನಾನೂ ವಾಪಸ್ ಹೋಗ್ತಾರೆ.”

ಆರಿನ್ ಗೋಡೆಗೆ ಒರಗಿದ್ದ ಮುಚ್ಚಳದ ಕಡೆ ನೋಡಿದ.

“ಬರೋ ಶನಿವಾರ ಗೋದಾಮಿಂದ ಆ ಹದಿನಾಲ್ಕನ್ನೂ ತರಬೇಕು. ಉದ್ದುದ್ದ ಡಬ್ಬ. ಬೆಳಗ್ಗೆ ಆರಕ್ಕೆ ಹೊರಟ್ರೆ ಆಯ್ತು,” ಎಂದು ಹೋಬರ್ಟ್ ಒಳಗೆ ಹೋಗಿ ಒಂದು ದೊಡ್ಡ ರಟ್ಟಿನ ಹಾಳೆ ತಂದ. ಅದರ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು: ‘ದೊಡ್ಡ ಸಾಮಾನು ಸಾಗಿಸಲು ಆರಿನ್ ಟೀಸ್‌ಡೇಲ್ ಅವರನ್ನು ಕೇಳಿ.’ ಕೆಳಗೆ ಆರಿನ್‌ನ ಮನೆಯ ಫೋನ್ ನಂಬರು. ಹೋಬರ್ಟ್ ಅದನ್ನು ಗಾಜಿಗೆ ಒತ್ತಿ ಹಿಡಿದು, ಹಲ್ಲಿನಲ್ಲಿ ಟೇಪು ಕತ್ತರಿಸುತ್ತ ಹೇಳಿದ:

“ಆ ಕಡೆ ಮೂಲೆ ಸ್ವಲ್ಪ ಹಿಡ್ಕೊ ಆರಿನ್, ಸೊಟ್ಟ ಆಗ್ತಿದೆ.”

ಆರಿನ್ ಹಿಡಿದುಕೊಂಡ.