ಪೆದ್ದಣ್ಣನ ದವಡೆಹಲ್ಲಿನ ಸವಾಲುಗಳು

"ಇವರ ಹಲ್ಲು ಕೀಳಿಸ್ದೆ ನಾನು ಈ ಹೊಸ್ತಿಲು ತುಳಿಯಲ್ಲ" ಎಂದು ತಿಪ್ಪಕ್ಕ ಪಕ್ಕದ ಮನೆಯ ಜಯಕ್ಕನ ಮುಂದೆ ಸಾರಿ, ಸೆರಗು ಬಿಗಿದು, ಗಂಡನನ್ನು ಗಾಡಿಗೆ ಹತ್ತಿಸಿದಳು. ದಂಡೆತ್ತಿ ಹೊರಟ ರಾಣಿಗೂ ಅಷ್ಟು ಗತ್ತು ಇದ್ದಿರಲಾರದು.

ಅವಳ ಸಿಟ್ಟಿಗೆ ಕಾರಣವಿತ್ತು. ಮೊಳಕಾಲ್ಮುರಿನ ನೇಕಾರರ ಕೇರಿಯಲ್ಲಿ ಪೆದ್ದಣ್ಣ ಒಳ್ಳೆಯ ಕೈಯವನೆಂದು ಹೆಸರು ಪಡೆದಿದ್ದ. ಆದರೆ ಮೇಲಿನ ದವಡೆಯ ಹಲ್ಲೊಂದು ಹುಳುಕಾಗಿ, ಕೆನ್ನೆ ಕುಂಬಳಕಾಯಿಯಂತೆ ಊದಿ, ಗೌರಸಮುದ್ರದ ಮದುವೆ ಮನೆಗೆ ಕೊಡಬೇಕಾದ ರೇಷ್ಮೆ ಸೀರೆ ಸೆರಗಿನ ಹತ್ತಿರ ಬಂದು ನಿಂತುಬಿಟ್ಟಿತ್ತು. ಮುಹೂರ್ತ ಹತ್ತಿರ ಬರುತ್ತಿತ್ತು, ಪೆದ್ದಣ್ಣ ಮಗ್ಗದ ಹತ್ತಿರ ಹೋಗುತ್ತಿರಲಿಲ್ಲ. ಲವಂಗ ಕಚ್ಚಿದ್ದಾಯಿತು, ಎಕ್ಕದ ಹಾಲು ಹಚ್ಚಿದ್ದಾಯಿತು. ಹಲ್ಲಿನ ಹುಳ ತೆಗೆಯುವವಳೊಬ್ಬಳು ಬಂದು ಕೊಳವೆ ಊದಿ, ಅಂಗೈಯಲ್ಲಿ ಬಿಳಿ ಹುಳ ತೋರಿಸಿ, ಮೊರದ ತುಂಬ ಅಕ್ಕಿ ಹಾಕಿಸಿಕೊಂಡು ಹೋದದ್ದೂ ಆಯಿತು. ಹುಳ ಹೋಯಿತು, ನೋವು ಉಳಿಯಿತು. ನೋವು ಏರಿದಾಗ ಪೆದ್ದಣ್ಣನ ಕನ್ನಡವೆಲ್ಲ ಆವಿಯಾಗಿ ಬರೀ ತೆಲುಗು ಉಳಿಯುತ್ತಿತ್ತು. "ಓರಿ ದೇವುಡಾ, ಓರಿ ದೇವುಡಾ" ಎಂದು ಅವನು ಮನೆಯ ಉದ್ದಗಲ ಅಳೆಯುವಾಗ ತಿಪ್ಪಕ್ಕ ಹಲ್ಲು ಕಡಿಯುತ್ತಿದ್ದಳು.

ಊರಿನ ಆಸ್ಪತ್ರೆಯ ಡಾಕ್ಟರು ಪ್ಲೇಗಿನ ಸೂಜಿ ಚುಚ್ಚಲು ಹಳ್ಳಿಗಳ ಮೇಲೆ ಹೋಗಿದ್ದರು. ಹಾಗಾಗಿ ಚಳ್ಳಕೆರೆಗೇ ಹೋಗಬೇಕಾಯಿತು. ಗಾಡಿ ಹೊಡೆಯುವವನು ಜುಂಜಣ್ಣ. ಊರು ದಾಟುವ ಮೊದಲೇ ಪೆದ್ದಣ್ಣ ಕೆನ್ನೆಗೆ ಕಟ್ಟಿದ್ದ ಬಟ್ಟೆ ಸಡಿಲಿಸಿದ.

"ಏನೇ, ಮೇಲಿನ ಹಲ್ಲು ಕಿತ್ರೆ ಕಣ್ಣು ಹೋಗ್ತೈತಂತಲ್ಲ?"

"ಯಾರು ಹೇಳಿದ್ದು?"

"ಎಲ್ಲಾರೂ ಹೇಳ್ತಾರೆ. ನೇಯೋನಿಗೆ ಕಣ್ಣು ಹೋದ್ರೆ ಇನ್ನೇನು ಉಳೀತು?"

ಜುಂಜಣ್ಣ ಎತ್ತುಗಳನ್ನು ಅವುಗಳ ಪಾಡಿಗೆ ಬಿಟ್ಟು ಹಿಂದಕ್ಕೆ ತಿರುಗಿದ. "ದಿಟ ಕಣಣ್ಣ. ನಮ್ ಮಾವ ಮೇಲಿನ ಹಲ್ಲು ಕೀಳಿಸ್ದ. ಈಗ ಎಡಗಣ್ಣು ಕಾಣಲ್ಲ."

"ಹಲ್ಲು ಕೀಳಿಸಿದ್ ಮ್ಯಾಲೆ ಹೋಯ್ತಾ ಕಣ್ಣು?" ತಿಪ್ಪಕ್ಕ ಕೇಳಿದಳು.

ಜುಂಜಣ್ಣ ಸ್ವಲ್ಪ ಯೋಚಿಸಿದ. "ಇಲ್ಲಕ್ಕ. ಸಣ್ಣೋನಿದ್ದಾಗಲೇ ಸಿಡುಬಿನಾಗೆ ಹೋಗಿತ್ತು. ಆದ್ರೂ ಹಲ್ಲು ಕೀಳಿಸಿದ್ ಮ್ಯಾಲೆ ವಾಪಸ್ ಬರ್ಲಿಲ್ಲ ನೋಡು."

"ಅಂದ್ರೆ ಮಾತಿನಾಗೆ ಹುರುಳೈತೆ" ಎಂದ ಪೆದ್ದಣ್ಣ. ತಿಪ್ಪಕ್ಕ ಹಲ್ಲು ಕಡಿದಳು.

ಎತ್ತುಗಳಿಗೆ ನೀರು ಕುಡಿಸಲು ತಳಕಿನಲ್ಲಿ ನಿಂತಾಗ ಅಂಗಡಿ ಕಟ್ಟೆಯ ಮೇಲಿದ್ದವರೆಲ್ಲ ಸರದಿಯಲ್ಲಿ ಪೆದ್ದಣ್ಣನ ಬಾಯೊಳಗೆ ಇಣುಕಿದರು. ಹಲ್ಲಿನ ನರ ಸೀದಾ ಮಿದುಳಿಗೆ ಹೋಗುತ್ತದೆ ಎಂದ ಒಬ್ಬ. ಒಂದು ಕಿತ್ತರೆ ಅಕ್ಕಪಕ್ಕದವೂ ಸಡಿಲವಾಗುತ್ತವೆ ಎಂದ ಇನ್ನೊಬ್ಬ. ರಕ್ತ ಒಮ್ಮೆ ಶುರುವಾದರೆ ನಿಲ್ಲುವುದಿಲ್ಲ ಎಂದು ಅಂಗಡಿಯವನೇ ಬೆಲ್ಲ ತೂಗುತ್ತ ಹೇಳಿದ. ಪೆದ್ದಣ್ಣ ಎಲ್ಲವನ್ನೂ ಮನಸ್ಸಿನಲ್ಲಿ ಗಂಟು ಕಟ್ಟಿಕೊಂಡ. ಸಂತೆಯಿಂದ ಉಪ್ಪು ತರಲು ಮರೆಯುವ ಗಂಡಸಿಗೆ ಇದೆಲ್ಲ ಹೇಗೆ ನೆನಪಿರುತ್ತದೆ ಎಂದು ತಿಪ್ಪಕ್ಕನಿಗೆ ಅರ್ಥವಾಗಲಿಲ್ಲ.

ಮಾರನೆಯ ದಿನ ಚಳ್ಳಕೆರೆಯ ಆಸ್ಪತ್ರೆಯಲ್ಲಿ ಪೆದ್ದಣ್ಣನನ್ನು ಬೆತ್ತದ ಕುರ್ಚಿಯಲ್ಲಿ ಕೂರಿಸಿದರು. ಡಾಕ್ಟರು ಮೈಸೂರು ಕಡೆಯ ತೆಳ್ಳನೆಯ ಮನುಷ್ಯ. ಊಟಕ್ಕೆ ಹೊತ್ತಾದವರ ಕಳೆ ಅವರ ಮುಖದ ಮೇಲೆ ಬೆಳಿಗ್ಗೆಯೇ ಕೂತಿತ್ತು.

"ಬಾಯಿ ತೆಗಿ."

"ತೆಗೀತೀನಿ ಸ್ವಾಮಿ. ಅದಕ್ಕೂ ಮುಂಚೆ ಒಂದು ಸವಾಲು. ಮೇಲಿನ ಹಲ್ಲು ಕಿತ್ರೆ ಕಣ್ಣು ಹೋಗಲ್ವಾ?"

"ಕಣ್ಣಿಗೂ ಹಲ್ಲಿಗೂ ಸಂಬಂಧ ಇಲ್ಲ."

"ಹಂಗಾದ್ರೆ ಹಲ್ಲು ನೋಯುವಾಗ ಕಣ್ಣಾಗೆ ಯಾಕೆ ನೀರು ಬರ್ತೈತೆ?"

ಡಾಕ್ಟರು ತಿಪ್ಪಕ್ಕನ ಕಡೆ ನೋಡಿದರು. ತಿಪ್ಪಕ್ಕ ಗೋಡೆಯ ಕಡೆ ನೋಡಿದಳು.

ರಕ್ತ ನಿಲ್ಲುತ್ತದಾ? ನಿಲ್ಲುತ್ತದೆ. ಮಿದುಳು? ಅದಕ್ಕೇನೂ ಆಗುವುದಿಲ್ಲ, ಇದ್ದರೆ. ಪಕ್ಕದ ಹಲ್ಲು? ತನ್ನ ಜಾಗದಲ್ಲೇ ಇರುತ್ತದೆ. ಎಲೆಅಡಿಕೆ ಯಾವಾಗ ಹಾಕಬಹುದು? ಗಾಯ ಮಾಗಿದ ಮೇಲೆ. ಮುದ್ದೆ ತಿನ್ನಬಹುದಾ? ತಿನ್ನಬಹುದು, ಅದನ್ನು ಅಗಿಯುವುದಿಲ್ಲವಲ್ಲ. ಬಿಸಿಯದಾ, ಆರಿದ್ದಾ?

"ಆರಿದ್ದು" ಎಂದರು ಡಾಕ್ಟರು, ತಾವು ಬಿಸಿಯಾಗುತ್ತಾ.

"ಅರ್ಧ ಬಂದು ಅರ್ಧ ಒಳಗೇ ಉಳಿದ್ರೆ?"

"ಅದನ್ನೂ ಕೀಳ್ತೀನಿ."

"ಅದಕ್ಕೆ ಬೇರೆ ನೋವಾ, ಇದರಾಗೇ ಸೇರ್ತೈತಾ?"

"ಸುಮ್ನೆ ಬಾಯಿ ತೆಗೀರಿ ಅಂತೀನಿ" ಎಂದಳು ತಿಪ್ಪಕ್ಕ.

"ನೀನು ಸುಮ್ನಿರು. ಹಲ್ಲು ನಂದು." ಪೆದ್ದಣ್ಣ ಡಾಕ್ಟರ ಕೈಯಲ್ಲಿದ್ದ ಇಕ್ಕಳವನ್ನು ದಿಟ್ಟಿಸಿದ. "ಸ್ವಾಮಿ, ಇದು ನನಗಿಂತ ಮುಂಚೆ ಯಾರ ಬಾಯಾಗಿತ್ತು?"

ಡಾಕ್ಟರು ಇಕ್ಕಳವನ್ನು ಅವನ ಕಣ್ಣೆದುರೇ ಇನ್ನೊಮ್ಮೆ ಕುದಿಸಿದರು. ಕುದಿಸಿದ್ದು ಬಿಸಿ ಎಂದ ಪೆದ್ದಣ್ಣ. ಆರಲು ಇಟ್ಟರು. ಆರಿದ ಮೇಲೆ, ತಣ್ಣಗಿನದು ತಾಗಿದರೆ ಹಲ್ಲು ಜುಮ್ಮೆನ್ನುತ್ತದೆ ಎಂದ. ಹೊರಗೆ ಕಾಯುತ್ತಿದ್ದ ರೋಗಿಗಳಲ್ಲಿ ಇಬ್ಬರು ವಾಸಿಯಾಯಿತೆಂದು ಎದ್ದು ಹೋದರು.

ಅಷ್ಟು ಹೊತ್ತಿಗೆ ತಿಪ್ಪಕ್ಕನ ದವಡೆ ಬೀಸುಕಲ್ಲಾಗಿತ್ತು. ಅವಳು ತನ್ನ ಸಿಟ್ಟನ್ನೆಲ್ಲ ಹಲ್ಲುಗಳ ನಡುವೆ ಇಟ್ಟು ಅರೆಯುತ್ತಿದ್ದಳು. ಪೆದ್ದಣ್ಣ "ಇನ್ನೊಂದು ಸವಾಲು" ಎಂದದ್ದೇ ತಡ, ಕಟಕ್ ಎಂದು ಸದ್ದಾಯಿತು.

ಕುರ್ಚಿಯ ಕಾಲು ಮುರಿಯಿತೆಂದು ಡಾಕ್ಟರು ಬಗ್ಗಿ ನೋಡಿದರು. ಕಾಲು ಗಟ್ಟಿಯಾಗಿತ್ತು. ತಿಪ್ಪಕ್ಕ ಕೆನ್ನೆ ಹಿಡಿದುಕೊಂಡು ಅಂಗೈಗೆ ಏನನ್ನೋ ಉಗುಳಿದಳು. ಅರ್ಧ ದವಡೆಹಲ್ಲು.

ಡಾಕ್ಟರು ಅವಳ ಬಾಯಿ ನೋಡಿದರು. "ಮಿಕ್ಕದ್ದು ಸೀಳಿದೆ. ತೆಗೀಲೇಬೇಕು. ಕೂತ್ಕೊಳ್ಳಮ್ಮ."

ಪೆದ್ದಣ್ಣ ಕುರ್ಚಿ ಬಿಟ್ಟು ಎದ್ದ. ಅಷ್ಟು ಚುರುಕಾಗಿ ಅವನು ಎದ್ದದ್ದನ್ನು ತಿಪ್ಪಕ್ಕ ಮದುವೆಯಾದಾಗಿನಿಂದ ಕಂಡಿರಲಿಲ್ಲ.

ಕುರ್ಚಿಯ ಪಕ್ಕ ನಿಂತು ನೋಡುವಾಗ ಇಕ್ಕಳ ಸಣ್ಣದಾಗಿತ್ತು. ಕುರ್ಚಿಯಲ್ಲಿ ಕೂತು ನೋಡಿದರೆ ಕಮ್ಮಾರನ ಕುಲುಮೆಯಿಂದ ಈಗ ತಾನೇ ಎದ್ದು ಬಂದಂತಿತ್ತು. ಗಂಡ ಕೇಳಿದ ಸವಾಲುಗಳೆಲ್ಲ ಒಂದಕ್ಕಿಂತ ಒಂದು ನ್ಯಾಯವಾದವೆಂದು ತಿಪ್ಪಕ್ಕನಿಗೆ ಆಗ ಹೊಳೆಯಿತು.

"ಕಣ್ಣಿಗೇನಾದ್ರೂ..." ಎಂದು ಅವಳು ಬಾಯಿ ತೆರೆದಳು.

"ಕಣ್ಣಿಗೂ ಹಲ್ಲಿಗೂ ಸಂಬಂಧ ಇಲ್ಲ ಕಣೇ." ಹೇಳಿದವರು ಡಾಕ್ಟರಲ್ಲ, ಪೆದ್ದಣ್ಣ. "ರಕ್ತ ನಿಲ್ತೈತೆ. ಪಕ್ಕದ್ದು ಅಲ್ಲಾಡಲ್ಲ. ಮುದ್ದೆ ಆರಿಸ್ಕೊಂಡು ತಿನ್ನು. ಹೆದರ್ತಾರೇನೇ ಇಷ್ಟಕ್ಕೆಲ್ಲ?" ಎಂದು ಅವಳ ಕೈ ಹಿಡಿದುಕೊಂಡ. ಅವಳಿಗೂ ಆ ಕೈ ಬಿಡಬೇಕೆನ್ನಿಸಲಿಲ್ಲ.

ತೆರೆದ ಬಾಯಿ ಮುಚ್ಚುವುದರೊಳಗೆ ಡಾಕ್ಟರು ಕೆಲಸ ಮುಗಿಸಿದ್ದರು. ಕಣ್ಣೀರು ಒರೆಸಿಕೊಂಡು, ಕೆನ್ನೆಯಲ್ಲಿ ಹತ್ತಿ ಇಟ್ಟುಕೊಂಡು ತಿಪ್ಪಕ್ಕ ಎದ್ದು ನಿಂತಳು. ಗಂಡನನ್ನು ನೋಡಿದಳು, ಕುರ್ಚಿಯನ್ನು ನೋಡಿದಳು. ಪೆದ್ದಣ್ಣನಿಗೆ ಇನ್ನು ಕೇಳಲು ಏನೂ ಉಳಿದಿರಲಿಲ್ಲ. ಕೇಳಬೇಕಾದ್ದಕ್ಕೆಲ್ಲ ತಾನೇ ಉತ್ತರ ಕೊಟ್ಟುಬಿಟ್ಟಿದ್ದ. ಕೂತ, ಬಾಯಿ ತೆರೆದ. "ಓರಿ" ಎನ್ನುವಷ್ಟರಲ್ಲಿ ಹಲ್ಲು ಹೊರಗಿತ್ತು. "ದೇವುಡಾ" ಎಂದದ್ದು ಹತ್ತಿಯೊಳಗೆ ಹೂತುಹೋಯಿತು.

"ಹತ್ತಿ ಗಟ್ಟಿಯಾಗಿ ಕಚ್ಚಿಕೊಂಡಿರಿ" ಎಂದರು ಡಾಕ್ಟರು, ಕೈ ತೊಳೆಯುತ್ತಾ. "ನಾಳೆವರೆಗೂ ಇಬ್ಬರೂ ಬಾಯಿ ಬಿಡಬಾರದು. ಮಾತಾಡಿದ್ರೆ ರಕ್ತ ಬರುತ್ತೆ."

ಗಂಡ ಹೆಂಡತಿ ತಲೆಯಾಡಿಸಿ ಬಾಗಿಲವರೆಗೆ ಹೋದರು. ಅಲ್ಲಿ ಪೆದ್ದಣ್ಣ ನಿಂತ. ತಿರುಗಿ ಬಂದು, ಬಾಯಿಂದ ಹತ್ತಿಯನ್ನು ಜೋಪಾನವಾಗಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಡಾಕ್ಟರು ಕಣ್ಣು ಮುಚ್ಚಿದರು. "ಇನ್ನೇನು?"

"ಇದೇ ಕೊನೇದು ಸ್ವಾಮಿ. ನನ್ನ ಮಾತು ಅತ್ಲಾಗಿರ್ಲಿ. ಇವಳು ಬಾಯಿ ಬಿಡಬಾರದು ಅಂದ್ರಲ್ಲ, ಅದು ನಾಳೆವರೆಗೆ ಮಾತ್ರಾನಾ?"

ಜವಾಬು ತಿಪ್ಪಕ್ಕನ ನಾಲಿಗೆಯ ತುದಿಗೆ ಬಂತು. ಅಲ್ಲಿ ಹತ್ತಿ ಅಡ್ಡ ಕೂತಿತ್ತು.